ಕಾಲಿಗೆ ಬಿದ್ದು ಕೆಲಸ ತಪ್ಪಿಸಿದರು

ಹುನಗುಂದದ ಜಂಗಮರ ಮನೆಯ ರಾಚಯ್ಯ ಧಾರವಾಡಕ್ಕೆ ಹೋಗಿ ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿಕೊಂಡು ಬಂದಾಗ ಊರಿನವರು ಕೇಳಿದ್ದು ಒಂದೇ ಮಾತು: ‘ಅಯ್ಯನವರ, ಯಾವ ಮಠ ಸಿಗ್ತದ್ರಿ?’ ತತ್ವ ಓದಿದವನು ಸ್ವಾಮಿ ಆಗದೆ ಇನ್ನೇನಾಗುತ್ತಾನೆ ಎಂಬುದು ಅವರ ಲೆಕ್ಕ. ಅವನಿಗೆ ಬೇಕಾಗಿದ್ದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ, ಅಷ್ಟೇ.

ನಾನು ಅವನ ಗೆಳೆಯ, ಇಳಕಲ್ಲಿನಲ್ಲಿ ಸೀರೆ ಅಂಗಡಿ. ರಾಚಯ್ಯ ಬಸ್ಸು ಹಿಡಿದು ಬಂದು, ಗಿರಾಕಿ ಇದ್ದರೂ ಬಿಡದೆ ತಲೆ ತಿನ್ನುತ್ತಿದ್ದ. ಮನುಷ್ಯ ದೊಡ್ಡ ಓದು ಓದುವುದು ಸಂತೋಷಕ್ಕೆ ಎನ್ನುತ್ತಿದ್ದ. ಗ್ರೀಕರು ಚೆನ್ನಾಗಿ ಬದುಕುವುದನ್ನೇ ಸಂತೋಷ ಎಂದರಂತೆ, ಬುದ್ಧ ಆಸೆ ಇಳಿಸಿಕೊಳ್ಳುವುದನ್ನು, ಉಪನಿಷತ್ತಿನವರು ತನ್ನನ್ನು ತಾನು ತಿಳಿಯುವುದನ್ನು. ನಮ್ಮ ಸೂಫಿಗಳ ಮಾತನ್ನೂ ನನಗಿಂತ ಚೆನ್ನಾಗಿ ಅವನೇ ಹೇಳುತ್ತಿದ್ದ. ಶರಣರ ಹತ್ತಿರ ಬಂದಾಗ ಮಾತ್ರ ದನಿ ಏರುತ್ತಿತ್ತು. ಕಾಯಕ ಇಲ್ಲದವನಿಗೆ ಆನಂದವೂ ಇಲ್ಲ ಎನ್ನುತ್ತಿದ್ದ.

ಎಪ್ಪತ್ತೆಂಟರಲ್ಲಿ ಪಕ್ಕದ ಊರಿನ ಹೊಸ ಕಾಲೇಜಿಗೆ ತತ್ವಶಾಸ್ತ್ರದ ಲೆಕ್ಚರರ್ ಬೇಕೆಂದರು. ಚೇರ್ಮನ್ ಅಂದಾನಪ್ಪನವರ ಮನೆತನಕ್ಕೆ ರಾಚಯ್ಯನ ಮನೆಯವರೇ ತಲೆತಲಾಂತರದ ಅಯ್ಯನವರು. ಮದುವೆಯಿರಲಿ ಮಣ್ಣಿರಲಿ, ಇವರ ಪಾದ ತೊಳೆಯದೆ ಅಲ್ಲಿ ಏನೂ ನಡೆಯುವುದಿಲ್ಲ. ಇದೇ ಅನುಕೂಲ ಎಂದು ಇಬ್ಬರೂ ಹಿಗ್ಗಿ ಹೋದೆವು. ಎಂಥ ಮೂರ್ಖರು ನಾವು.

ಸಂದರ್ಶನದ ಕೋಣೆಗೆ ಅವನು ಕಾಲಿಟ್ಟದ್ದೇ ತಡ, ಚೇರ್ಮನ್ನರು ಕುರ್ಚಿ ಬಿಟ್ಟೆದ್ದು ಕಾಲಿಗೆ ಬಿದ್ದರು. ಬಾಗಿಲಲ್ಲಿ ನಿಂತು ನಾನೇ ನೋಡಿದೆ.

‘ನೀವು ನಮ್ಮ ಕೈಯಾಗ ಚಾಕರಿ ಮಾಡೂದೇನ್ರಿ ಅಪ್ಪಾರ? ತಡಾ ಆಗಿ ಬಂದ್ರ ನಿಮ್ಮನ್ನ ನಾ ಬೈಬೇಕೇನ್ರಿ? ಆ ಪಾಪ ನನಗ ಬ್ಯಾಡ್ರಿ.’

‘ಬೈರಿ ಗೌಡ್ರ. ಕೆಲಸ ಕೊಟ್ಟು ಬೈರಿ,’ ಎಂದು ರಾಚಯ್ಯ ದನಿ ಏರಿಸಿದ.

ಅಯ್ಯನವರು ಮುನಿದರೆಂದು ಅಂದಾನಪ್ಪ ಇನ್ನೊಮ್ಮೆ ಅಡ್ಡಬಿದ್ದರು. ಸಿಟ್ಟು ಮಾಡಿದಷ್ಟೂ ಇವನು ದೇವರಾಗುತ್ತ ಹೋದ. ಕೊನೆಗೆ ಕಾಯಿ, ದಕ್ಷಿಣೆ ಕೈಗಿಟ್ಟು ಜೀಪಿನಲ್ಲಿ ಮನೆಗೆ ಕಳಿಸಿದರು. ನನಗೆ ಮೈ ಉರಿದುಹೋಯಿತು.

ಕೆಲಸ ಸಿಕ್ಕಿದ್ದು ಗೈಡು ಓದಿ ಎಂ.ಎ. ಪಾಸಾಗಿದ್ದ ಚೇರ್ಮನ್ನರ ಅಳಿಯನಿಗೆ. ಪಾಠ ಶುರುವಾಗುವ ಹಿಂದಿನ ದಿನ ಆ ಮಹಾಶಯ ಆಶೀರ್ವಾದಕ್ಕೆಂದು ರಾಚಯ್ಯನ ಮನೆಗೇ ಬಂದ. ನಾನೂ ಅಲ್ಲೇ ಇದ್ದೆ. ಕಾಲು ಮುಟ್ಟಿ, ‘ಅಪ್ಪಾರ, ನಾಳಿ ಆನಂದದ ಮ್ಯಾಲ ಪಾಠ ಐತ್ರಿ. ನನಗೇನೂ ತಿಳಿವಲ್ದು. ಏನ ಹೇಳ್ಲಿ?’ ಎಂದ.

ರಾಚಯ್ಯ ಅವನನ್ನು ಹೊರಗೆ ಹಾಕುತ್ತಾನೆಂದು ನಾನು ಕಾದೆ. ಅವನು ಚಾಪೆ ಹಾಸಿ ಅಳಿಯನನ್ನು ಎದುರಿಗೆ ಕೂಡಿಸಿದ. ಆಮೇಲೆ ಗ್ರೀಕರಿಂದ ಶುರು ಮಾಡಿ ಶರಣರವರೆಗೂ ಬಿಡಿಸಿ ಬಿಡಿಸಿ ಹೇಳಿದ. ಅಳಿಯ ಎಲ್ಲವನ್ನೂ ಬರೆದುಕೊಂಡು, ಇನ್ನೊಮ್ಮೆ ಕಾಲು ಮುಟ್ಟಿ ಹೋದ.

‘ಅವಂಗ್ಯಾಕ ಹೇಳಿದ್ಯಲೇ?’ ಎಂದು ರೇಗಿದೆ.

‘ನನ್ನ ಮುಂದ ಪಾಠಕ್ಕಂತ ಕುಂತಾವ ಅವನೊಬ್ಬನ, ಹುಸೇನಪೀರ,’ ಎಂದ. ‘ಬಿಡಾಕ ಆಗಲಿಲ್ಲ.’