ಪಟ್ಟಿಯ ಮೊದಲ ಹೆಸರು ಸಿದ್ರಾಮ

ಆಟೊದಿಂದ ಇಳಿಯುವವರ ನಡಿಗೆ ನೋಡಿಯೇ ಸಿದ್ರಾಮ ರೋಗ ಯಾವುದೆಂದು ಹೇಳುತ್ತಿದ್ದ. ಮಿರಜದ ಒಂದು ಆಸ್ಪತ್ರೆಯ ಬಾಗಿಲಲ್ಲಿ ಅವನ ಕೆಲಸ. ಕರ್ನಾಟಕದ ಕಡೆಯಿಂದ ಬರುವ, ಮರಾಠಿ ಬಾರದ ರೋಗಿಗಳಿಗೆ ದಾರಿ ತೋರಿಸುವುದು. ಆದರೆ ಎಷ್ಟೇ ಖಾತ್ರಿಯಿದ್ದರೂ "ಏನ್ ತ್ರಾಸ ಐತ್ರಿ ಯವ್ವಾ?" ಎಂದು ಕೇಳದೆ ಯಾರನ್ನೂ ಒಳಗೆ ಕಳಿಸುತ್ತಿರಲಿಲ್ಲ.

ಯಾಕೆಂದು ನಾನು ಕೇಳಿದ್ದಕ್ಕೆ ಹೇಳಿದ್ದ: "ಒಮ್ಮಿ ಹೊಟ್ಟಿ ಹಿಡಕೊಂಡ ಬಂದಾಕಿನ್ನ ಸೀದಾ ಹೆರಿಗಿ ವಾರ್ಡಿಗೆ ಕಳಿಸಿದ್ದೆ, ಹವಾಲ್ದಾರ ಕಾಕಾ. ಆಕಿದಿನ್ನೂ ಲಗ್ನನ ಆಗಿದ್ದಿಲ್ಲ! ಅವರವ್ವ ಚಪ್ಪಲಿ ತಗೊಂಡ ಬಂದ್ಲು. ಅವತ್ತಿಂದ ಅಂದಾಜ ನಂದು, ಮಾತ ಅವರದು."

ನಮ್ಮ ಠಾಣೆಗೂ ಅಂದಾಜು ಹೇಳುವವನೊಬ್ಬ ಬಂದ: ಯಾರು, ಎಲ್ಲಿ ಕಳವು ಮಾಡಬಹುದೆಂದು ಮೊದಲೇ ಹೇಳುವ ಸಾಫ್ಟ್‌ವೇರ್. "ಇದಕ್ಕೆ ಜಾತಿಯಿಲ್ಲ, ಧರ್ಮವಿಲ್ಲ, ಲಂಚದ ಆಸೆಯಿಲ್ಲ" ಎಂದು ಸಾಹೇಬರು ಮರಾಠಿಯಲ್ಲಿ ಭಾಷಣ ಮಾಡಿ ತೆಂಗಿನಕಾಯಿ ಒಡೆದರು. ನಿಜ. ಅದಕ್ಕೆ ಇದ್ದದ್ದು ನಾನೊಬ್ಬನೇ. ಹಳೆಯ ರಿಜಿಸ್ಟರುಗಳನ್ನೆಲ್ಲ ಟೈಪು ಮಾಡಿ ಅದಕ್ಕೆ ಉಣಿಸಿದ್ದು ನಾನೇ.

ಮೊದಲ ಪಟ್ಟಿಯ ಮೊದಲ ಹೆಸರು ಸಿದ್ರಾಮನದು. ಹರೆಯದಲ್ಲಿ ರೈಲ್ವೆ ಸ್ಟೇಶನ್ನಿನಲ್ಲಿ ಮುದುಕಿಯೊಬ್ಬಳ ಗಂಟಿನ ಸಮೇತ ಅವನನ್ನು ಹಿಡಿದಿದ್ದರು. ಹಾಗೆಂದು ನಾನೇ ಟೈಪು ಮಾಡಿದ್ದೆ.

ಇನ್ನೇನು, ಪಟ್ಟಿ ಬಂದಾಗಲೆಲ್ಲ ಆಸ್ಪತ್ರೆಗೆ ಹೋಗಿ ಅವನನ್ನು ವಿಚಾರಿಸಬೇಕು. ವಿಚಾರಿಸಿದ್ದನ್ನು ನಮೂದಿಸಬೇಕು. ಪೊಲೀಸರು ಇಷ್ಟು ಸಲ ವಿಚಾರಿಸಿದ ಮನುಷ್ಯ ಸಾಮಾನ್ಯನಲ್ಲವೆಂದು ಯಂತ್ರ ಅವನಿಗೆ ಇನ್ನಷ್ಟು ಅಂಕ ಕೊಡುತ್ತಿತ್ತು. ಹೈಸ್ಕೂಲಿನಲ್ಲಿ ನನಗೂ ಯಾರಾದರೂ ಹೀಗೆ ಅಂಕ ಕೊಟ್ಟಿದ್ದರೆ ಹವಾಲ್ದಾರನಾಗಿಯೇ ಉಳಿಯುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಒಂದು ಚಮಚವೂ ಕಳುವಾಗಲಿಲ್ಲ. ಅದೂ ಯಂತ್ರದ ಪ್ರತಾಪವೇ ಎಂದರು ಸಾಹೇಬರು.

"ಕಾಕಾ, ನೀವ್ ಬಂದ ಹೋದ ಮ್ಯಾಲೆ ಮಂದಿ ನನ್ನ ಕಂಡ್ರ ಚೀಲಾ ಅವಚಿ ಹಿಡಕೋತಾರ್ರಿ. ನಾ ಏನ್ ಮಾಡೇನಿ, ಅದನ್ನರ ಹೇಳ್ರಿ."

"ಏನೂ ಮಾಡಿಲ್ಲೋ. ಮಾಡ್ತಿ ಅಂತ ಬಂದೈತಿ."

"ಯಾವತ್ತಂತ್ರಿ? ಮೊದಲ ಹೇಳಿದ್ರ ಅವತ್ತ ರಜಾ ಹಾಕತೇನಿ." ಇಬ್ಬರೂ ನಕ್ಕೆವು. ಆಮೇಲೆ ಅವನು ನಗಲಿಲ್ಲ. "ಆ ಮುದಕಿನ ಬಂದ ಹೇಳಿದ್ಲಲ್ರಿ, ನಾನ ಗಂಟ ಹೊರಾಕ ಕೊಟ್ಟಿದ್ದೆ ಅಂತ. ಅದನ್ನ ಬರದಿಲ್ಲೇನ್ರಿ?"

ಠಾಣೆಗೆ ಬಂದು ಹಳೆಯ ರಿಜಿಸ್ಟರು ತೆಗೆದೆ. ಬರೆದಿತ್ತು. ಹಿಡಿದದ್ದು ಒಂದು ಪುಟದ ಕೊನೆಯಲ್ಲಿ, ಬಿಟ್ಟದ್ದು ಮುಂದಿನ ಪುಟದ ಮೊದಲಲ್ಲಿ. ಟೈಪು ಮಾಡುವಾಗ ಪುಟ ತಿರುಗಿಸುವ ಶ್ರಮವನ್ನು ನಾನು ತೆಗೆದುಕೊಂಡಿರಲಿಲ್ಲ. ಇನ್ನೆಷ್ಟು ಪುಟಗಳನ್ನು ಹೀಗೆ ಬಿಟ್ಟಿದ್ದೆನೋ! ಹೇಳಿದರೆ ಎಲ್ಲವನ್ನೂ ಮತ್ತೆ ತೆರೆಯುತ್ತಾರೆ. ನನ್ನ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ರಿಜಿಸ್ಟರು ಮುಚ್ಚಿದೆ.

ಆ ತಿಂಗಳೇ ಆಸ್ಪತ್ರೆಯವರು ಅವನನ್ನು ಕೆಲಸದಿಂದ ತೆಗೆದರು. ನಾಲ್ಕು ತಿಂಗಳಾದ ಮೇಲೆ ನಾನು ಕೊರಳಿಗೆ ಹಾರ ಹಾಕಿಸಿಕೊಂಡು, ನಿಷ್ಕಳಂಕ ಸೇವೆಯೆಂದು ಹೊಗಳಿಸಿಕೊಂಡು ವಿಶ್ರಾಮಬಾಗ ಬಡಾವಣೆಯ ನನ್ನ ಮನೆಗೆ ಬಂದೆ.

ಅವನನ್ನು ಕಡೆಯ ಸಲ ನೋಡಿದ್ದು ಹತ್ತಿರದ ಹಳ್ಳಿ ಕವಲಾಪುರದಲ್ಲಿ, ಯಾರದೋ ದ್ರಾಕ್ಷಿ ತೋಟದಲ್ಲಿ ಕೂಲಿಗಿದ್ದಾಗ. ಎಲ್ಲವನ್ನೂ ಹೇಳಿ ಕೈ ಮುಗಿದೆ. ಗೊಂಚಲು ಕತ್ತರಿಸುವುದನ್ನು ಅವನು ನಿಲ್ಲಿಸಲಿಲ್ಲ.

"ಇದನ್ನ ಠಾಣೇದಾಗ ಹೇಳೀರೇನ್ರಿ ಕಾಕಾ?"

"ಇಲ್ಲೋ."

"ಮತ್ತ ನನಗ್ಯಾಕ ಹೇಳಾಕ ಬಂದೀರಿ? ನಾ ಕಳ್ಳ ಅಲ್ಲ ಅನ್ನೂದು ನನಗ ಗೊತ್ತ ಐತಿ."