ಮೌತ್ ಆರ್ಗನ್‌ಗೆ ಕುಂಕುಮ ಹಚ್ಚಿದ ದಿನ

ಪೀಣ್ಯದಲ್ಲಿ ಗೇರ್ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಬಹಳ ವರ್ಷಗಳಿಂದ ಇನ್‌ಸ್ಪೆಕ್ಷನ್ ನೋಡಿಕೊಳ್ಳುತ್ತಿದ್ದೇನೆ. ಗೇರ್‌ಗಳ ಅಳತೆ ಹಿಡಿದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ವಾಪಸು ಕಳಿಸುವುದು ನನ್ನ ಕೆಲಸ. ಹಾಗಾಗಿ ನನ್ನ ಜೊತೆ ಊಟಕ್ಕೆ ಕೂರಲು ಯಾರಿಗೂ ಅಂಥ ಉತ್ಸಾಹವಿರಲಿಲ್ಲ. ಊಟ ಮುಗಿಸಿ ಟೆರೇಸಿಗೆ ಹೋಗಿ ಒಬ್ಬಳೇ ಮೌತ್ ಆರ್ಗನ್ ನುಡಿಸುತ್ತಿದ್ದೆ. ಅದನ್ನು ಕಲಿಸಿದವರು ಅಪ್ಪ. ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅವರು ಭಾನುವಾರ ಕ್ವಾರ್ಟರ್ಸ್ ಮೆಟ್ಟಿಲ ಮೇಲೆ ಕೂತು ಹಳೆಯ ಸಿನಿಮಾ ಹಾಡುಗಳನ್ನು ಊದುತ್ತಿದ್ದರು.

ಒಂದು ಮಧ್ಯಾಹ್ನ, ಗೇರ್ ಕತ್ತರಿಸುವ ಸಿಎನ್‌ಸಿ ಯಂತ್ರಗಳ ಪ್ರೋಗ್ರಾಮರ್ ಹುಡುಗ ಟೆರೇಸಿಗೆ ಬಂದ. ಬೆಳಿಗ್ಗೆಯಷ್ಟೇ ಅವನ ಗೇರ್‌ಗಳನ್ನು ವಾಪಸು ಕಳಿಸಿದ್ದೆ. ಜಗಳಕ್ಕೇ ಬಂದಿದ್ದಾನೆ ಅಂದುಕೊಂಡೆ.

“ಮೇಡಂ, ನಮ್ ಬ್ಯಾಂಡಿಗೆ ಬರ್ತೀರಾ?” ಅಂದ.

ಲಗ್ಗೆರೆಯ ಅವನ ಬಾಡಿಗೆ ಮನೆಯಲ್ಲಿ ಮೂವರು ಗೆಳೆಯರು ಸೇರಿ ಹಳೆಯ ಇಂಗ್ಲಿಷ್ ರಾಕ್ ಹಾಡುಗಳನ್ನು ನುಡಿಸುತ್ತಿದ್ದರಂತೆ. ಇವನದು ಗಿಟಾರ್. ಆಯುಧಪೂಜೆಗೆ ಕಾರ್ಖಾನೆಯಲ್ಲೇ ಒಂದು ಹಾಡು ನುಡಿಸಬೇಕು, ಅದರ ನಡುವೆ ಮೌತ್ ಆರ್ಗನ್ ಬರುತ್ತದೆ.

“ನಂಗೆ ಐವತ್ತು ವರ್ಷ ಆಯ್ತು ಕಣಪ್ಪ.”

“ಆ ಹಾಡಿಗೂ ಅಷ್ಟೇ ಆಗಿದೆ ಮೇಡಂ.”

ಶನಿವಾರ ಅಭ್ಯಾಸಕ್ಕೆ ಹೋದೆ. ನನ್ನ ಉದ್ದನೆಯ ಆರ್ಗನ್ ಪಕ್ಕಕ್ಕಿಟ್ಟು, ಅವನು ಹತ್ತೇ ರಂಧ್ರಗಳ ಗಿಡ್ಡ ಆರ್ಗನ್ ಒಂದನ್ನು ಕೈಗಿತ್ತ. “ಇದ್ರಲ್ಲಿ ಊದೋದು ಕಮ್ಮಿ, ಉಸಿರು ಒಳಗೆ ಎಳೆಯೋದೇ ಜಾಸ್ತಿ,” ಅಂದ. ಎಳನೀರಿನ ತಳದ ಕೊನೇ ಗುಟುಕನ್ನು ಸ್ಟ್ರಾದಲ್ಲಿ ಹೀರುವ ಹಾಗೆ ಎಳೆದರೆ ಸ್ವರ ಬಾಗಿ, ಜಾರಿ, ಅಳುವ ದನಿಯಾಗುತ್ತದೆ. ಮೊದಲ ವಾರ ನನಗೆ ತಲೆಸುತ್ತು ಬಂತು. ಮೂರನೇ ವಾರ, ಬಾಗಲಗುಂಟೆಯ ನಮ್ಮ ಅಡುಗೆಮನೆಯಲ್ಲಿ ಸಾರು ಕುದಿಯುತ್ತಿದ್ದಾಗ, ನಾಲ್ಕನೇ ರಂಧ್ರದ ಸ್ವರ ತಟ್ಟನೆ ಬಾಗಿತು. ಖುಷಿಗೆ ಒಲೆ ಆರಿಸುವುದೇ ಮರೆತು ಸಾರೆಲ್ಲ ಬತ್ತಿಹೋಯಿತು.

ಆಯುಧಪೂಜೆಯ ದಿನ ನನ್ನ ಅಳತೆ ಸಾಧನಗಳನ್ನೆಲ್ಲ ಒರೆಸಿ ಮೇಜಿನ ಮೇಲೆ ಜೋಡಿಸಿದೆ. ಆರ್ಗನ್ನೂ ಅಲ್ಲೇ ಇತ್ತು. ಪೂಜೆಗೆ ಪ್ರತಿ ವರ್ಷ ಮಾಲೀಕರ ತಾಯಿಯೇ ಬರುತ್ತಾರೆ. ಕಾರ್ಖಾನೆಯ ಜಾಗ ಹಿಂದೆ ಅವರದೇ ರಾಗಿ ಹೊಲ. ನಾನು ಕೈ ತೊಳೆದು ಬರುವಷ್ಟರಲ್ಲಿ ಅಜ್ಜಿ ಎಲ್ಲದಕ್ಕೂ ಅರಿಶಿನ, ಕುಂಕುಮ ಹಚ್ಚಿ ಹೂವಿಟ್ಟಿದ್ದರು. ಆರ್ಗನ್‌ನ ಹತ್ತು ರಂಧ್ರಗಳಿಗೂ ಒದ್ದೆ ಕುಂಕುಮ.

“ಅಯ್ಯೋ, ಅಜ್ಜಿ, ಇದ್ಕೂ ಹಚ್ಬಿಟ್ರಾ?”

“ಇದೂ ನಿನ್ನ ಆಯುಧಾನೇ ಅಲ್ವೇನವ್ವ? ಅಂಗೇ ಬುಡಕ್ಕಾಯ್ತದಾ?”

ಒರೆಸಿ ನುಡಿಸಿ ನೋಡಿದೆ. ಎಲ್ಲ ಸರಿಯಿತ್ತು, ನಾಲ್ಕನೆಯದೊಂದು ಮೂಕ. ನಮ್ಮ ಹಾಡಿಗೆ ಅರ್ಧ ಗಂಟೆ ಬಾಕಿ. ಗಿಟಾರಿನವನ ಸಣ್ಣ ಸ್ಕ್ರೂಡ್ರೈವರಿನಿಂದ ಸ್ಕ್ರೂ ಬಿಚ್ಚಿ ನೋಡಿದರೆ, ಸ್ವರ ಹೊರಡಿಸುವ ಹಿತ್ತಾಳೆಯ ನಾಲಗೆಯ ಕೆಳಗೆ ಕುಂಕುಮ ಮೆತ್ತಿಕೊಂಡಿತ್ತು. ಅಲ್ಲಿಗೆ ತೂರುವಂಥದ್ದು ನನ್ನ ಫೀಲರ್ ಗೇಜ್ ಒಂದೇ, ಸಣ್ಣ ಸಂದುಗಳನ್ನು ಅಳೆಯುವ ಕಾಗದದಂಥ ಉಕ್ಕಿನ ಪಟ್ಟಿಗಳು. ಆದರೆ ಅದು ಹೂವಿನಡಿ ಪೂಜೆಗೆ ಕೂತಿತ್ತು.

“ಪೂಜೆಗಿಟ್ಟ ಕೆಲ್ಸದ ಸಾಮಾನನ್ನ ಇವತ್ತು ಮುಟ್ಟಂಗಿಲ್ವಲ್ಲ ಮೇಡಂ,” ಅಂದ ಗಿಟಾರಿನವನು ಸಣ್ಣ ದನಿಯಲ್ಲಿ.

ನಾವಿಬ್ಬರೂ ಅಜ್ಜಿಯ ಮುಖ ನೋಡಿದೆವು. ಸಂಗತಿ ತಿಳಿದು ಅವರು ತಾವೇ ಹೂವು ಸರಿಸಿ, ಗೇಜನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟರು. “ಕೆಲ್ಸಕ್ಕಲ್ವಲ್ಲ, ಹಾಡಕ್ಕೆ ತಾನೆ. ತಕೋ.”

ಅತಿ ತೆಳ್ಳಗಿನ ಪಟ್ಟಿಯನ್ನು ನಾಲಗೆಯಡಿ ತೂರಿಸಿ ನಿಧಾನಕ್ಕೆ ಎಳೆದೆ. ಕುಂಕುಮದ ಸಣ್ಣ ಹಕ್ಕಳೆ ಉದುರಿತು. ಸ್ಕ್ರೂ ಬಿಗಿದು ಉಸಿರೆಳೆದು ನೋಡಿದರೆ ಸ್ವರ ಬಂತು. ಅಲ್ಲಿಂದ ನೇರ ವೇದಿಕೆಗೆ ಹೋದೆ.

ಲೋಡಿಂಗ್ ಜಾಗದ ಹಲಗೆಗಳೇ ನಮ್ಮ ವೇದಿಕೆ. ನನ್ನ ಸರದಿ ಬಂದಾಗ ಕಣ್ಣು ಮುಚ್ಚಿ ಉಸಿರೆಳೆದೆ. ಸ್ವರ ಬಾಗಿದಾಗ ಮುಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹಾಕಿದರು. ಅಷ್ಟೇ ಸಾಕಾಯಿತು. ಎರಡು ಸುತ್ತು ನುಡಿಸಬೇಕಿದ್ದವಳು ನಾಲ್ಕು ಸುತ್ತು ನುಡಿಸಿದೆ. ಡ್ರಮ್ಮಿನವನು ನಗುತ್ತಲೇ ನನ್ನ ಜೊತೆ ಬಾರಿಸುತ್ತಾ ಹೋದ.

ಕೆಳಗಿಳಿದಾಗ ಎಲ್ಲರೂ ನನ್ನ ಮುಖ ನೋಡಿ ನಗುತ್ತಿದ್ದರು. ತುಟಿಯೆಲ್ಲ ಕೆಂಪು, ಗಲ್ಲದ ಮೇಲೆ ಅರಿಶಿನ. ಅಜ್ಜಿ ಸೆರಗಿನ ತುದಿಯಿಂದ ಒರೆಸುತ್ತಾ, “ದೂರದಾಗೆ ರೈಲು ಕೂಗ್ದಂಗಿತ್ತು ಕಣವ್ವ. ಇನ್ನೊಂದ್ಕಿತ ಊದು,” ಅಂದರು.

ಕಡಲೆಪುರಿ ಹಂಚುವುದನ್ನು ನಿಲ್ಲಿಸಿ ನಾವು ಅದೇ ಹಾಡನ್ನು ಮತ್ತೊಮ್ಮೆ ನುಡಿಸಿದೆವು.