ಲಿನ್ ಆಂಟಿಯ ಲೆಕ್ಕ, ಅತ್ತಿಯ ಪ್ರಶ್ನೆ

ಎಳ್ಳೆಣ್ಣೆಯಲ್ಲಿ ಶುಂಠಿ ಹುರಿಯುವ ವಾಸನೆ ಎಲ್ಲಿಂದಾದರೂ ತೇಲಿ ಬಂದರೆ ಈಗಲೂ ನನ್ನ ಬೆರಳುಗಳು ದಣಿಯುತ್ತವೆ. ತೊಂಬತ್ತರ ದಶಕದ ಕೊನೆಯಲ್ಲಿ ನಾವು ಇಂಗ್ಲಿಷರ ನಾಡಿನ ಕೆಂಟನ್ ಎಂಬ ಬಡಾವಣೆಯಲ್ಲಿದ್ದೆವು. ಧಾರವಾಡದಿಂದ ಬಂದ ಅಪ್ಪ, ಅವ್ವ ಇಬ್ಬರೂ ಆಸ್ಪತ್ರೆಯ ಡಾಕ್ಟರು. ಹಾಗಾಗಿ ಶಾಲೆ ಬಿಟ್ಟ ಮೇಲೆ ಪಕ್ಕದ ಮನೆಯ ಲಿನ್ ಆಂಟಿಯ ಅಡುಗೆಮನೆಯೇ ನನ್ನ ಮನೆ. ಚೀನಾದಲ್ಲಿ ಗಣಿತದ ಟೀಚರ್ ಆಗಿದ್ದ ಅವರು, ಒಲೆಯ ಮೇಲೆ ಒಂದು ಕಣ್ಣಿಟ್ಟುಕೊಂಡೇ ನನ್ನಿಂದ ಒಂದೇ ಬಗೆಯ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಸುತ್ತಿದ್ದರು. ಕೈಗೆ ರೂಢಿಯಾದರೆ ತಲೆಗೆ ತಾನಾಗಿ ಹತ್ತುತ್ತದೆ ಎಂಬುದು ಅವರ ನಂಬಿಕೆ.

ಅಷ್ಟರಲ್ಲಿ ಅಮೆರಿಕದಿಂದ ಅತ್ತಿ ಬಂದರು. ಅಪ್ಪನ ಅಕ್ಕ, ಅಲ್ಲಿಯ ಶಾಲೆಯಲ್ಲಿ ಬಹಳ ವರ್ಷ ಕಲಿಸಿದವರು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯ ಮೇಲಿನ ಸಣ್ಣ ಕೋಣೆಗೆ ಬಂದು ನೆಲೆಸಿದರು. ನನ್ನ ಲೆಕ್ಕಗಳನ್ನು ನೋಡಿ, "ಇದು ಹಿಂಗ್ಯಾಕ ಅಂತ ಒಮ್ಮೆರ ಕೇಳೀಯೇನ, ಪುಟ್ಟಿ?" ಅಂದರು. ನಾನು ಇಂಗ್ಲಿಷಿನಲ್ಲಿ "ಇಲ್ಲ" ಅಂದೆ. ಅಂದಿನಿಂದ ಸಂಜೆ ಲಿನ್ ಆಂಟಿಯ ಲೆಕ್ಕ, ಊಟದ ನಂತರ ಅತ್ತಿಯ ಪ್ರಶ್ನೆ. ಚಪಾತಿ ಹರಿದು ಭಿನ್ನರಾಶಿ ತೋರಿಸುತ್ತಿದ್ದರು, ತಪ್ಪಿದರೆ ನಗುತ್ತಿದ್ದರು. ಬೇಲಿಯ ಆಚೆ ಈಚೆ ನಿಂತು ಇಬ್ಬರೂ ವಾದಿಸುವರು. "ಇವಳು ಯಾಕೆ ಅಂತ ಕೇಳುತ್ತ ಕೂತರೆ ಪರೀಕ್ಷೆ ಕಾಯುವುದಿಲ್ಲ" ಎಂದು ಲಿನ್ ಆಂಟಿ. "ಪರೀಕ್ಷೆ ಮುಗಿದ ಮರುದಿನ ಇವಳ ಹತ್ತಿರ ಏನು ಉಳಿದಿರುತ್ತದೆ?" ಎಂದು ಅತ್ತಿ. ಅಪ್ಪ ಡ್ಯೂಟಿಯಿಂದ ಬಂದವರು, "ಹುಡುಗಿ ದಣದಾಳ, ಸಾಕು ಬಿಡ್ರಿ" ಅಂದರೂ ಯಾರೂ ಕೇಳುತ್ತಿರಲಿಲ್ಲ.

ಜಾಣ ಮಕ್ಕಳನ್ನಷ್ಟೇ ಆರಿಸಿ ಸೇರಿಸಿಕೊಳ್ಳುವ ಗ್ರಾಮರ್ ಸ್ಕೂಲಿನ ಪ್ರವೇಶ ಪರೀಕ್ಷೆಯ ದಿನ, ಗಣಿತದ ಪತ್ರಿಕೆಯ ನಡುವೆಯೇ ನಾನು ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆಹೋದೆ. ಮೇಲ್ವಿಚಾರಕಿ ಹೆಗಲು ಮುಟ್ಟಿ ಎಬ್ಬಿಸುವ ಹೊತ್ತಿಗೆ ಬೇರೆಯವರ ಪತ್ರಿಕೆ ಒಟ್ಟುಮಾಡುತ್ತಿದ್ದರು. ಆ ಸಂಜೆ ಲಿನ್ ಆಂಟಿ ಮೊದಲ ಸಲ ನಮ್ಮ ಅಡುಗೆಮನೆಗೆ ಬಂದು ಕೂತರು. ಅತ್ತಿಯ ತೊಡೆಯ ಮೇಲೆ ತಲೆಯಿಟ್ಟು ಕಣ್ಣುಮುಚ್ಚಿದ್ದೆ, ಆದರೆ ಎಚ್ಚರವಿದ್ದೆ. ಚೀನಾದಲ್ಲಿ ಅಜ್ಜಿಯ ಬಳಿ ಬೆಳೆಯುತ್ತಿದ್ದ ಲಿನ್ ಆಂಟಿಯ ಮಗಳು ಕಾಲೇಜಿನ ಪರೀಕ್ಷೆಗೆ ಓದಿ ಓದಿ ಮಾತಾಡುವುದನ್ನೇ ಬಿಟ್ಟಿದ್ದಳಂತೆ. ಫೋನಿನಲ್ಲೂ ಹೂಂ, ಊಹೂಂ ಅಷ್ಟೇ. ಅತ್ತಿ ತಮ್ಮ ಒಬ್ಬ ವಿದ್ಯಾರ್ಥಿಯ ಮಾತು ತೆಗೆದರು. ಎಲ್ಲರೂ ಭೇಷ್ ಅನ್ನುತ್ತ ಅವನನ್ನು ತರಗತಿಯಿಂದ ತರಗತಿಗೆ ದಾಟಿಸಿದ್ದರು, ಮೀಸೆ ಮೂಡಿದ ಮೇಲೂ ಅವನಿಗೆ ಓದಲು ಬರುತ್ತಿರಲಿಲ್ಲ. "ನಾನೂ ಭೇಷ್ ಅಂದವಳೇ" ಅಂದರು. ಯಾರದೋ ಕೈ ನನ್ನ ಕೂದಲಲ್ಲಿತ್ತು.

ನಾನು ಹತ್ತಿರದ ಸಾಮಾನ್ಯ ಶಾಲೆಗೇ ಸೇರಿದೆ. ಪಾಠಗಳು ನಿಂತವು, ಅವರಿಬ್ಬರ ಚಹಾ ನಿಲ್ಲಲಿಲ್ಲ, ವಾದವೂ ನಿಲ್ಲಲಿಲ್ಲ. ಕೆಲವು ವರ್ಷಗಳಲ್ಲಿ ಲಿನ್ ಆಂಟಿ ಮಗಳ ಹತ್ತಿರ ಊರಿಗೆ ಮರಳಿದರು. ನಾವು ಮನೆ ಮಾರಿ ಎಜ್‌ವೇರ್‌ಗೆ ಹೋದೆವು. ಅತ್ತಿ ಅಲ್ಲೇ ತೀರಿಕೊಂಡರು. ನಾನೇ ಲಿನ್ ಆಂಟಿಗೆ ಫೋನ್ ಮಾಡಿ ಸುದ್ದಿ ಹೇಳಿದೆ. ಲಿನ್ ಆಂಟಿ ಮೆಲ್ಲಗೆ, "ಮೇಲೆ, ಅಲ್ಲಿ ಅವಳ ಜೊತೆ ವಾದಿಸುವವರು ಯಾರಿದ್ದಾರೆ?" ಎಂದರು.